ಬಾಲಾನಗರವನ್ನು ಓದಲು ಎಷ್ಟು ವಿದ್ಯೆ ಬೇಕು

1965ರಲ್ಲಿ ಬೆಂಗಳೂರಿನ ಎರಡು ಕಾರ್ಖಾನೆಗಳು ಹೈದರಾಬಾದಿನ ವಾಯವ್ಯ ಅಂಚಿನ ಬಾಲಾನಗರದ ಕಡೆಗೆ ಬಂದು ಬೇರುಬಿಟ್ಟವು. ಒಂದು ಹಿಂದೂಸ್ತಾನ್ ಮೆಷಿನ್ ಟೂಲ್ಸ್. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಪಿಂಜೋರ್ ಮತ್ತು ಕಳಮಶ್ಶೇರಿಗಳಿಗೆ ಹಬ್ಬಿ, ತನ್ನ ಐದನೆಯ ಘಟಕವನ್ನು ನರ್ಸಾಪುರ ರಸ್ತೆಯ ಬದಿಗೆ ತಂದಿತ್ತು. ಇನ್ನೊಂದು ಹಿಂದೂಸ್ತಾನ್ ಏರೋನಾಟಿಕ್ಸ್. ಸೋವಿಯತ್ ಒಪ್ಪಂದದಂತೆ ನಮ್ಮ ದೇಶದಲ್ಲಿ ಮಿಗ್-21 ವಿಮಾನ ಕಟ್ಟುವ ಕೆಲಸ ಮೂರು ಊರಿಗೆ ಹಂಚಿಹೋಯಿತು. ವಿಮಾನದ ಒಡಲು ನಾಸಿಕಕ್ಕೆ, ಎಂಜಿನ್ ಕೋರಾಪುಟ್‌ಗೆ, ಎಲೆಕ್ಟ್ರಾನಿಕ್ ಉಪಕರಣಗಳು ಬಾಲಾನಗರಕ್ಕೆ. ಎರಡೇ ವರ್ಷಕ್ಕೆ ಅದೇ ಸೋವಿಯತ್ ನೆರವಿನಿಂದ ಸರ್ಕಾರಿ ಔಷಧ ಸಂಸ್ಥೆ ಐಡಿಪಿಎಲ್‌ನ ಸಂಶ್ಲೇಷಿತ ಔಷಧ ಕಾರ್ಖಾನೆ ಶುರುವಾಯಿತು. 1968ರಲ್ಲಿ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ ಬಂತು. 1974ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯೂ ಮುಂದೆ ಇಲ್ಲೇ ನೆಲೆಯಾಯಿತು. ಯಂತ್ರ ಮಾಡುವ ಯಂತ್ರ, ಯುದ್ಧವಿಮಾನದ ಉಪಕರಣ, ಜ್ವರದ ಮಾತ್ರೆಯ ಮೂಲದ್ರವ್ಯ, ಆಕಾಶದಿಂದ ತೆಗೆದ ಚಿತ್ರ, ಎಲ್ಲವೂ ಒಂದು ಸಿಟಿ ಬಸ್ಸಿನ ಹಾದಿಯೊಳಗೆ.

ನಮ್ಮಪ್ಪ ಎಚ್‌ಎಂಟಿಯಲ್ಲಿ ಟರ್ನರ್. ಬೆಂಗಳೂರಿನ ಜಾಲಹಳ್ಳಿಯಿಂದ ವರ್ಗವಾಗಿ ಬಂದವರು. ನಾನು ಇಲ್ಲೇ ಬೆಳೆದು, ಇಲ್ಲೇ ಚರಿತ್ರೆ ಓದಿ, ಇಲ್ಲಿನ ಡಿಗ್ರಿ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ನಿವೃತ್ತಳಾದೆ. ಪಾಠದಲ್ಲಿ ಕಾಕತೀಯರಿದ್ದರು, ಕುತುಬ್‌ಶಾಹಿಗಳಿದ್ದರು, ನಿಜಾಮರಿದ್ದರು. ನಮ್ಮ ಮನೆಯ ಹಿತ್ತಲಿನಾಚೆಯ ಬಾಲಾನಗರ ಇರಲಿಲ್ಲ. ಸಿ.ವಿ. ಸುಬ್ಬರಾವ್ ಅವರು ಹೈದರಾಬಾದಿನ ಕೈಗಾರಿಕೀಕರಣದ ಸಾಮಾಜಿಕ ಹಿನ್ನೆಲೆ ಕುರಿತು ಬರೆದ ಒಳ್ಳೆಯ ಗ್ರಂಥವೊಂದಿದೆ. ಅದು 1875ಕ್ಕೆ ಶುರುವಾಗಿ 1948ಕ್ಕೆ ಮುಗಿಯುತ್ತದೆ. ಬಾಲಾನಗರದ ಕಥೆ ಶುರುವಾಗುವುದೇ ಅದರಾಚೆಗೆ.

ಈಗ ನನ್ನ ಮನೆಗೆ ಸಂಶೋಧನೆಯ ಹುಡುಗ ಹುಡುಗಿಯರು ಬರುತ್ತಾರೆ. ಉಸ್ಮಾನಿಯಾದಿಂದ, ಹೈದರಾಬಾದ್ ವಿಶ್ವವಿದ್ಯಾಲಯದಿಂದ, ಒಮ್ಮೊಮ್ಮೆ ಕಲಬುರಗಿಯಿಂದಲೂ. ತಮ್ಮ ಆಸಕ್ತಿಯ ಕ್ಷೇತ್ರ ಯಾವುದು ಎಂದರೆ ನಾಲ್ಕೈದನ್ನು ಒಟ್ಟಿಗೆ ಹೇಳುತ್ತಾರೆ: ಕಾರ್ಮಿಕ ಚರಿತ್ರೆ, ನಗರ ಅಧ್ಯಯನ, ಪರಿಸರ, ತಂತ್ರಜ್ಞಾನ ಮತ್ತು ಸಮಾಜ, ಮಹಿಳಾ ಅಧ್ಯಯನ. ನಮ್ಮ ಕಾಲದಲ್ಲಿ ಹೀಗೆ ಹೇಳಿದ್ದರೆ ಮೊದಲು ಒಂದನ್ನು ಗಟ್ಟಿ ಮಾಡಿಕೊಳ್ಳಮ್ಮ ಎನ್ನುತ್ತಿದ್ದರು. ನನಗೆ ಆ ಮಕ್ಕಳ ಹಸಿವು ಇಷ್ಟ. ಅವರಿಗೆ ನಾನು ಹೇಳುವುದು ಒಂದೇ. ಯಾವ ವಿದ್ಯೆಯನ್ನು ಯಾವುದಕ್ಕೆ ಕೂಡಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕೂತು ಗೊತ್ತು ಮಾಡಬೇಡಿ. ಊರಿಗೆ ಹೋಗಿ. ಯಾವ ವಿದ್ಯೆ ಬೇಕೆಂದು ಊರೇ ಕೇಳುತ್ತದೆ.

ಈ ಮಾತಿಗೆ ನಮ್ಮ ಸೀಮೆಯಲ್ಲೇ ಹಳೆಯ ಮೇಲ್ಪಂಕ್ತಿಗಳಿವೆ. 1915ರ ಜನವರಿಯಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಮೊದಲು ಕಂಡದ್ದು ಪುರಾತತ್ವದ ಪಂಡಿತರಲ್ಲ, ಚಿನ್ನದ ಅದಿರು ಹುಡುಕಿಕೊಂಡು ಬಂದಿದ್ದ ಗಣಿ ಎಂಜಿನಿಯರ್ ಬೀಡನ್. ಬಂಡೆ ನೋಡುವ ಕಣ್ಣು ಅವರದು. ಅಕ್ಷರ ಬಿಡಿಸಿದ ವಿದ್ಯೆ ಎಚ್. ಕೃಷ್ಣಶಾಸ್ತ್ರಿಗಳದು. ದೇವಾನಾಂಪ್ರಿಯನೇ ಅಶೋಕ ಎಂದು ಹೆಸರಿನ ಸಮೇತ ಹೇಳಿದ ಮೊದಲ ಶಾಸನ ಹೀಗೆ ಇಬ್ಬರ ಕೈ ಸೇರಿ ಬೆಳಕಿಗೆ ಬಂತು. ಹೈದರಾಬಾದ್ ಪುರಾತತ್ವ ಇಲಾಖೆಯ ಪ್ರಕಟಣಮಾಲೆಯ ಮೊದಲನೆಯ ಪುಸ್ತಕವೇ ಅದು.

ಬಾಲಾನಗರಕ್ಕೆ ಇನ್ನೂ ಹತ್ತಿರದ್ದು ಶಮೀರ್‌ಪೇಟೆ. 1950ರ ದಶಕದ ಆರಂಭದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸಮಾಜಸೇವಾ ವಿಸ್ತರಣೆಯ ಯೋಜನೆಯೊಂದನ್ನು ಹಾಕಿಕೊಂಡು ಆ ಹಳ್ಳಿಗೆ ತಂಡ ಕಳಿಸಿತು. ಅದರಲ್ಲಿ ಮಾನವಶಾಸ್ತ್ರಜ್ಞ ಎಸ್.ಸಿ. ದುಬೆ ಇದ್ದರು, ಜೊತೆಗೆ ಕೃಷಿ, ವೈದ್ಯ, ಪಶುವೈದ್ಯ ವಿಭಾಗದವರೂ ಇದ್ದರು. ಎತ್ತಿನ ಕಾಲಿಗೆ ಔಷಧಿ ಹಾಕಿಸಿಕೊಳ್ಳಲು ಬಂದ ರೈತ, ಬರಿಗೈಯಲ್ಲಿ ನೋಟ್‌ಬುಕ್ ಹಿಡಿದು ಬಂದವನ ಮುಂದೆ ಆಡದ ಮಾತನ್ನು ಪಶುವೈದ್ಯನ ಮುಂದೆ ಆಡಿರುತ್ತಾನೆ ಎಂಬುದು ನನ್ನ ಊಹೆ. ಅಲ್ಲಿಂದ ಹೊರಟ ದುಬೆಯವರ ಪುಸ್ತಕ 1955ರಲ್ಲಿ ಬಂತು. ಭಾರತದ ಒಂದು ಹಳ್ಳಿಯನ್ನು ಇಡಿಯಾಗಿ ವಿವರಿಸಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು.

ಅದೇ ವರ್ಷಗಳಲ್ಲಿ ಮಂಡ್ಯದ ಬಯಲಿನಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎರಡು ಹಳ್ಳಿಗಳನ್ನು ನೋಡುತ್ತಿದ್ದರು. ಅರ್ಥಶಾಸ್ತ್ರ ಓದಿ ಮಾನವಶಾಸ್ತ್ರಕ್ಕೆ ಬಂದವರು. ನಾಲೆಯ ನೀರು ಸಿಕ್ಕ ಹಳ್ಳಿ ಸಿರಿವಂತವಾಗಿಯೂ ಹಳೆಯ ಕಟ್ಟಳೆಗಳನ್ನು ಉಳಿಸಿಕೊಂಡಿತು. ನೀರು ಹತ್ತದ ಹಳ್ಳಿಯವರು ಮಂಡ್ಯ ಪೇಟೆಯ ಕೆಲಸ, ವ್ಯಾಪಾರ ಹಿಡಿದು ಒಳಗಿನಿಂದಲೇ ಬದಲಾದರು. ನಾಲೆಯ ಮಟ್ಟ ಎಲ್ಲಿ ನಿಲ್ಲುತ್ತದೆಂಬ ಎಂಜಿನಿಯರಿಂಗ್ ಸಂಗತಿ, ಕಬ್ಬಿನ ಲೆಕ್ಕ, ನೆಂಟಸ್ತನದ ಲೆಕ್ಕ ಮೂರನ್ನೂ ಒಟ್ಟಿಗೆ ಹಿಡಿಯದಿದ್ದರೆ ಆ ಮಾತು ಹೊರಡುತ್ತಿರಲಿಲ್ಲ.

ಹಳ್ಳಿಗೆ ಇಷ್ಟೆಲ್ಲ ಮಾಡಿದ ನಮ್ಮ ವಿದ್ವತ್ತು ಕಾರ್ಖಾನೆಯ ಗೇಟಿನ ಮುಂದೆ ಬಹುಕಾಲ ಹಿಂಜರಿಯಿತು. ಬೆಂಗಳೂರಿನ ಪುಣ್ಯಕ್ಕೆ ಮಾರ್ಕ್ ಹೋಮ್‌ಸ್ಟ್ರೋಮ್ ಬಂದರು. ಅಲ್ಲಿನ ಕಾರ್ಖಾನೆಗಳ ಕೆಲಸಗಾರರ ಬದುಕಿನ ಬಗ್ಗೆ 1976ರಲ್ಲಿ ಪುಸ್ತಕ ಬರೆದರು. ಕಾಯಂ ನೌಕರಿಯೆಂಬುದು ಒಂದು ಕೋಟೆ, ಒಳಗಿದ್ದವರಿಗೆ ಭದ್ರತೆ, ಹೊರಗಿದ್ದವರಿಗೆ ಗೋಡೆ ಎಂಬ ಚಿತ್ರ ಅದರಲ್ಲಿತ್ತು. 1984ರ ಇನ್ನೊಂದು ಪುಸ್ತಕದಲ್ಲಿ ಅವರೇ ಅದನ್ನು ತಿದ್ದಿದರು. ಅದು ಕೋಟೆಗಿಂತ ಬೆಟ್ಟದ ಇಳಿಜಾರಿನ ಹಾಗಿದೆ, ಜನ ಬೇರೆಬೇರೆ ಎತ್ತರದಲ್ಲಿ ಕಾಲೂರಿ ನಿಂತಿದ್ದಾರೆ ಎಂದರು. ಆಮೇಲೆ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಚರಿತ್ರೆ ಬರೆದರು. ದಿಲೀಪ್ ಸುಬ್ರಮಣಿಯನ್ ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯೊಂದನ್ನೇ ಹಿಡಿದು ದೊಡ್ಡ ಗ್ರಂಥ ಮಾಡಿದರು. ಬೆಂಗಳೂರು ಇಷ್ಟರಮಟ್ಟಿಗೆ ಅದೃಷ್ಟವಂತ. ಅದರ ಕೂಸುಗಳಾದ ಬಾಲಾನಗರದ ಘಟಕಗಳಿಗೆ ಅಂಥ ಪುಸ್ತಕ ಸಲ್ಲಬೇಕು.

ಕೋಟೆಯೋ ಇಳಿಜಾರೋ ಎಂಬುದನ್ನು ಬಾಲಾನಗರದಲ್ಲಿ ನಿಂತೇ ನೋಡಬಹುದು. ನಮ್ಮಪ್ಪನಿಗೆ ಕ್ಯಾಂಟೀನಿತ್ತು, ಪಿ.ಎಫ್. ಇತ್ತು, ಪಾಳಿ ಮುಗಿದ ಸೈರನ್ ಇತ್ತು. ಗೇಟಿನಿಂದ ಸ್ವಲ್ಪ ದೂರದಲ್ಲಿ ತಗಡಿನ ಶೆಡ್ಡುಗಳಲ್ಲಿ ಅದೇ ಲೇತ್, ಅದೇ ವರ್ನಿಯರ್. ಆದರೆ ವಾರದ ಕೂಲಿ, ರಾತ್ರಿಯ ಓಟಿ. ಹಾಗಂತ ಗೋಡೆಗೆ ಬಾಗಿಲೇ ಇರಲಿಲ್ಲ ಎನ್ನುವಂತಿಲ್ಲ. 1970ರಲ್ಲಿ ಎಚ್‌ಎಂಟಿ ಬಿಟ್ಟ ಮೂವರು ಎಂಜಿನಿಯರುಗಳು, ಪಿ. ರವೀಂದ್ರ ರೆಡ್ಡಿ, ಕೆ. ಸತ್ಯನಾರಾಯಣ ರೆಡ್ಡಿ, ಪಿ. ಜಯಪ್ರಕಾಶ ರೆಡ್ಡಿ, ಬಾಲಾನಗರದಲ್ಲೇ ಎಂಟಿಎಆರ್ ಕಂಪನಿ ಕಟ್ಟಿದರು. ಅಣು ರಿಯಾಕ್ಟರಿನ ಭಾಗಗಳೂ ಇಸ್ರೋದ ವಿಕಾಸ್ ಎಂಜಿನ್ನಿನ ಭಾಗಗಳೂ ಅಲ್ಲಿ ತಯಾರಾದವು. ಇನ್ನೆಷ್ಟೋ ಫೋರ್‌ಮನ್‌ಗಳು ಗ್ರಾಚ್ಯುಯಿಟಿಯ ಹಣದಲ್ಲಿ ಒಂದು ಹಳೆಯ ಮಿಲ್ಲಿಂಗ್ ಮೆಷಿನ್ ಕೊಂಡು ಜಾಬ್ ವರ್ಕ್ ಹಿಡಿದರು. ಸಹಕಾರಿ ಕೈಗಾರಿಕಾ ಎಸ್ಟೇಟು, ಟೆಕ್ನೋಕ್ರಾಟ್ಸ್ ಎಸ್ಟೇಟು ಎಂದು ಗಲ್ಲಿಗಳು ಬೆಳೆದದ್ದು ಹಾಗೆ. ಮೊದಲ ಆರ್ಡರ್ ಯಾರಿಗೆ ಸಿಕ್ಕಿತು, ಯಾರ ಜಾಮೀನಿನ ಮೇಲೆ ಸಿಕ್ಕಿತು, ಆ ಜಾಮೀನುದಾರ ಜಾತಿಯವನೋ, ಕಾಲೊನಿಯ ಪಕ್ಕದ ಮನೆಯವನೋ, ಒಂದೇ ಬೆಂಚಿನಲ್ಲಿ ಅಪ್ರೆಂಟಿಸ್ ಆಗಿದ್ದವನೋ? ಬ್ಯಾಂಕಿನ ಕಡತ ಇದನ್ನು ಹೇಳುವುದಿಲ್ಲ. ಆ ಮನೆಗಳ ಮದುವೆಯ ಉಡುಗೊರೆ ಪುಸ್ತಕ ಹೇಳುತ್ತದೆ.

ಕೆಲಸಗಾರರ ಮಾತನ್ನು ದಾಖಲಿಸುವಾಗ ನಾನು ಕಲಿತದ್ದೊಂದಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಳೆಯ ಟರ್ನರ್ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ನಿಮ್ಮ ಅನುಭವ ಹೇಳಿ ಎಂದರೆ ಎರಡು ವಾಕ್ಯ ಬರುತ್ತದೆ. ಅವರನ್ನೇ ಓಡುತ್ತಿರುವ ಲೇತಿನ ಪಕ್ಕಕ್ಕೆ ಕರೆದೊಯ್ದರೆ ಮಾತು ನಿಲ್ಲುವುದಿಲ್ಲ. ನಮ್ಮಪ್ಪನ ಜೊತೆ ದುಡಿದ ಒಬ್ಬರು ಉಕ್ಕಿನಿಂದ ಏಳುವ ಚಿಪ್ಪಿನ ಬಣ್ಣದ ಬಗ್ಗೆಯೇ ಒಂದು ಮಧ್ಯಾಹ್ನವಿಡೀ ಹೇಳಿದರು. ಹೈಸ್ಪೀಡ್ ಸ್ಟೀಲ್ ಟೂಲಿನ ಕಾಲದಲ್ಲಿ ಚಿಪ್ಪು ನೀಲಿಗೆ ತಿರುಗಿದರೆ ಟೂಲಿನ ಮೊನೆ ಸತ್ತಿತೆಂದೇ ಲೆಕ್ಕ, ಕೂಡಲೇ ವೇಗ ಇಳಿಸಬೇಕು. ಹೊಸ ಹುಡುಗ ನೀಲಿ ಚಿಪ್ಪು ಹಾರಿಸಿದರೆ ಫೋರ್‌ಮನ್ ಬಂದು ಬೈಯುತ್ತಿದ್ದ. ಕಾರ್ಬೈಡ್ ಟೂಲ್ ಬಂದ ಮೇಲೆ ಅದೇ ನೀಲಿ ಸರಿಯಾದ ಬಣ್ಣವಾಯಿತು. ಶಾಖ ಚಿಪ್ಪಿನ ಜೊತೆ ಹೊರಗೆ ಹೋಗುತ್ತಿದೆ, ವೇಗ ಚೆನ್ನಾಗಿದೆ ಎಂದು ಅರ್ಥ. "ನೋಡಮ್ಮಾ, ಇಪ್ಪತ್ತು ವರ್ಷ ಯಾವುದಕ್ಕೆ ಹೆದರಿದ್ದೆವೋ ಅದನ್ನೇ ಮಾಡು ಅಂದರು. ಕಣ್ಣಿಗೆ ಒಪ್ಪಿಸೋಕೆ ಕಷ್ಟವಾಯ್ತು," ಎಂದರು.

ಉತ್ಪಾದಕತೆ, ವೇಗಹೆಚ್ಚಳ, ಯೂನಿಯನ್ ತಕರಾರು ಎಂದು ನಾವು ಪುಸ್ತಕದಲ್ಲಿ ಬರೆಯುವ ಸಂಗತಿ ಅವರ ಕಣ್ಣಿನಲ್ಲಿ ಹೀಗೆ ನಡೆದಿತ್ತು. ಕಾರ್ಬೈಡ್ ಎಂದರೇನೆಂದು ಗೊತ್ತಿಲ್ಲದ ಚರಿತ್ರಕಾರಳಿಗೆ ಆ ಮಾತು ಕೇಳಿಸಿದರೂ ಕೇಳಿಸದು. ಲೋಹ ಗೊತ್ತಿರುವ ಎಂಜಿನಿಯರಿಗೆ ಕೇಳಿಸುತ್ತದೆ, ಆದರೆ ಅದರಲ್ಲೊಂದು ಭಯದ ಚರಿತ್ರೆ ಇದೆಯೆಂದು ಹೊಳೆಯಲಿಕ್ಕಿಲ್ಲ. ಇಬ್ಬರೂ ಒಟ್ಟಿಗೆ ಆ ಲೇತಿನ ಮುಂದೆ ನಿಲ್ಲಬೇಕು.

ಔಷಧದ ಕಥೆಗೂ ಹಾಗೆಯೇ ಹಲವು ಕೈ ಬೇಕು. ಐಡಿಪಿಎಲ್ ಸಂಸ್ಥೆ ಹುಟ್ಟಿದ್ದು 1961ರಲ್ಲಿ. ಇಲ್ಲಿನ ಕಾರ್ಖಾನೆ 1967ರಲ್ಲಿ ಕೆಲಸ ಶುರುಮಾಡಿತು. ಸಲ್ಫಾ ಔಷಧ, ಅನಾಲ್ಜಿನ್, ವಿಟಮಿನ್ನುಗಳ ಮೂಲದ್ರವ್ಯ ಇಲ್ಲಿ ತಯಾರಾದವು. 1970ರ ಪೇಟೆಂಟ್ ಕಾಯಿದೆ 1972ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಔಷಧವೆಂಬ ವಸ್ತುವಿನ ಮೇಲೆ ಪೇಟೆಂಟ್ ಇಲ್ಲವಾಯಿತು, ತಯಾರಿಸುವ ವಿಧಾನದ ಮೇಲೆ ಮಾತ್ರ ಉಳಿಯಿತು. ಬೇರೆ ದಾರಿಯಲ್ಲಿ ಅದೇ ಮದ್ದನ್ನು ಮಾಡಬಲ್ಲ ರಸಾಯನಶಾಸ್ತ್ರಜ್ಞರಿಗೆ ಬಾಗಿಲು ತೆರೆಯಿತು. ಅಂಥವರು ತಯಾರಾಗಿ ನಿಂತಿದ್ದ ಜಾಗಗಳಲ್ಲಿ ಬಾಲಾನಗರ ಮುಖ್ಯವಾದದ್ದು. ಡಾ. ರೆಡ್ಡೀಸ್ ಸ್ಥಾಪಿಸಿದ ಕೆ. ಅಂಜಿ ರೆಡ್ಡಿ ಐಡಿಪಿಎಲ್‌ನಲ್ಲಿ ದುಡಿದು 1975ರ ಹೊತ್ತಿಗೆ ಹೊರಬಂದವರು. ಹೈದರಾಬಾದ್ ಮದ್ದಿನ ಊರಾದದ್ದಕ್ಕೆ ಸಾರ್ವಜನಿಕ ರಂಗದ ಆ ಕಾರ್ಖಾನೆ ದೊಡ್ಡ ಕಾರಣವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದು 1990ರ ದಶಕದಲ್ಲಿ ರೋಗಗ್ರಸ್ತ ಉದ್ಯಮವೆಂದು ಘೋಷಿತವಾಗಿ ನಿಂತುಹೋಯಿತು. ನಷ್ಟದ ಲೆಕ್ಕ ಬರೆದವರು ಕಲಿಸಿದ ವಿದ್ಯೆಯ ಲೆಕ್ಕವನ್ನೂ ಬರೆಯಬೇಕಿತ್ತು. ಅದಕ್ಕೆ ಅರ್ಥಶಾಸ್ತ್ರಜ್ಞನೂ ಕಾನೂನು ಬಲ್ಲವಳೂ ರಿಯಾಕ್ಟರ್ ಮುಂದೆ ರಾತ್ರಿಪಾಳಿ ಮಾಡಿದ ಕೆಮಿಸ್ಟೂ ಒಂದು ಮೇಜಿಗೆ ಬರಬೇಕು.

ನೀರು ಇನ್ನೊಂದು ಕಡತ. ಬಾಲಾನಗರ, ಕೂಕಟ್‌ಪಲ್ಲಿ, ಸನತ್‌ನಗರದ ಕಡೆಯ ಕೊಳೆನೀರು ಕೂಕಟ್‌ಪಲ್ಲಿ ನಾಲೆ ಹಿಡಿದು ಹುಸೇನ್‌ಸಾಗರಕ್ಕೆ ಸೇರುತ್ತ ಬಂದಿದೆ. ಇಬ್ರಾಹಿಂ ಕುತುಬ್‌ಶಾಹನ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಕೆರೆ ಅದು. ಕೆರೆಯ ತಳದ ಕೆಸರು ವರ್ಷವರ್ಷವೂ ಪದರವಾಗಿ ಕೂರುತ್ತದೆ. ಕೊಳವೆ ಇಳಿಸಿ ಆ ಪದರಗಳನ್ನು ಎತ್ತಿ, ಸೀಸದ ಐಸೋಟೋಪಿನಿಂದ ಕಾಲ ಕಟ್ಟಿ, ಯಾವ ದಶಕದಲ್ಲಿ ಯಾವ ಲೋಹ ಬಂತೆಂದು ಓದುವ ವಿಧಾನವನ್ನು ಜಗತ್ತಿನ ಎಷ್ಟೋ ಕೆರೆಗಳಲ್ಲಿ ಬಳಸಿದ್ದಾರೆ. ಕೈಗಾರಿಕಾ ಚರಿತ್ರೆ ಬರೆಯುವವರಿಗೆ ಅದು ತಾರ್ನಾಕದ ರಾಜ್ಯ ಪತ್ರಾಗಾರದಷ್ಟೇ ಮುಖ್ಯ. ನಿಕಲ್ ಎಷ್ಟು, ಸತು ಎಷ್ಟು ಎಂದು ವಿಜ್ಞಾನಿ ಹೇಳಿಯಾಳು. ಆ ವರ್ಷ ಯಾವ ಗಲ್ಲಿಯಲ್ಲಿ ಪ್ಲೇಟಿಂಗ್ ಶೆಡ್ಡುಗಳು ಎದ್ದವು, ಮಳೆಗಾಲದಲ್ಲಿ ಫತೇನಗರದ ಯಾವ ಮನೆಗಳಿಗೆ ನಾಲೆ ನುಗ್ಗಿತು ಎನ್ನಲು ಅಲ್ಲಿನ ಹೆಂಗಸರನ್ನು ಕೇಳಬೇಕು. ಅವರಿಗೆ ನೀರಿನ ಬಣ್ಣದ ಪಂಚಾಂಗವೇ ಬಾಯಿಪಾಠ.

ಈ ಎಲ್ಲದರ ಕೆಳಗೆ ನೆಲವಿದೆ. ತೆಲಂಗಾಣದ ಯಾವ ಜಮೀನಿನ ಬೆನ್ನು ಹತ್ತಿದರೂ ಹಳೆಯ ಭೂದಾಖಲೆಗಳಾದ ಸೇತ್ವಾರ್‌ಗೆ, 1954-55ರ ಖಾಸ್ರಾ ಪಹಣಿಗೆ ಹೋಗಿ ನಿಲ್ಲಬೇಕು. ಹಳೆಯ ಕಾಗದಗಳು ಉರ್ದುವಿನಲ್ಲಿವೆ. ನನಗೆ ದಖನಿ ಮಾತಾಡಲು ಬರುತ್ತದೆ, ಕಂದಾಯದ ಕೈಬರಹ ಓದಲು ಬರುವುದಿಲ್ಲ. ಓದಿಕೊಟ್ಟವರು ಬೀದರ್ ಕಡೆಯ ಹಿರಿಯರೊಬ್ಬರು. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿ, 1972ರ ಬರಗಾಲದಲ್ಲಿ ಹೊಲ ಬಿಟ್ಟು ಬಂದು, ಬಾಲಾನಗರದ ಗೋದಾಮೊಂದರಲ್ಲಿ ಕಾವಲು ಕೆಲಸ ಮಾಡಿದವರು. "ಅಕ್ಕೋರೆ, ಲಾರಿ ಮ್ಯಾಲೆ ಕುಂತು ಜಹೀರಾಬಾದ್ ದಾಟಿದ್ವಿರಿ. ಮೂಸಾಪೇಟ್ ಅಡ್ಡಾದಾಗ ನಿಂತ್ರ ಯಾರರೆ ಕೂಲಿಗಿ ಕರೀತಿದ್ರು," ಎಂದರು. ಹೊಲದ ನಂಬರು, ಪಟ್ಟೇದಾರನ ಹೆಸರು, ಬೆಳೆ, ತರಿಯೋ ಖುಷ್ಕಿಯೋ ಎಂಬುದನ್ನು ಬೆರಳಿಟ್ಟು ಸರಸರ ಓದುತ್ತಿದ್ದರು.

ಬಾಲಾನಗರದ ಕನ್ನಡಕ್ಕೆ ಹೀಗೆ ಎರಡು ದಾರಿ. ರೈಲಿನಲ್ಲಿ ವರ್ಗಾವಣೆಯ ಆದೇಶ ಹಿಡಿದು ಬಂದ ಬೆಂಗಳೂರಿನವರು ನಾವು. ಮುಂಬೈ ಹೆದ್ದಾರಿಯಲ್ಲಿ ಗಂಟುಮೂಟೆ ಹೊತ್ತು ಬಂದ ಬೀದರ್, ಕಲಬುರಗಿಯವರು ಅವರು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ಅವರ ರಾಜಧಾನಿಯೇ ಆಗಿತ್ತು. ನಮಗೆ ಅದು ಪರಊರು. ನಾವು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ರಾಜ್ಯೋತ್ಸವಕ್ಕೆ ಹೋಗುತ್ತಿದ್ದೆವು, ಅವರು ಆ ದಿನವೂ ಅಡ್ಡಾದಲ್ಲಿ ನಿಂತಿರುತ್ತಿದ್ದರು. ಒಂದೇ ಭಾಷೆಯ ಎರಡು ಗುಂಪು ಒಂದೇ ರಸ್ತೆಯಲ್ಲಿ ಅರ್ಧ ಶತಮಾನ ಓಡಾಡಿ ಪರಸ್ಪರ ಮನೆ ಹೊಕ್ಕದ್ದು ಕಡಿಮೆ. ಇದು ನನ್ನನ್ನು ಬಹಳ ಕಾಡುತ್ತದೆ. ಕನ್ನಡ ವಿಭಾಗದ ಸಂಶೋಧಕರು ಹೊರನಾಡ ಕನ್ನಡಿಗರ ಬಗ್ಗೆ ಬರೆಯುವಾಗ ಸಂಘಗಳ ವರದಿ ಹುಡುಕುತ್ತಾರೆ. ಅಡ್ಡಾಗೆ ವರದಿಯಿಲ್ಲ. ಅಲ್ಲಿಗೆ ಬೆಳಗ್ಗೆ ಏಳು ಗಂಟೆಯೊಳಗೆ ನಡೆದೇ ಹೋಗಬೇಕು.

ಬಾಲಾನಗರದಲ್ಲೇ ಇರುವ ದೂರಸಂವೇದಿ ಕೇಂದ್ರದ ಮಾತು ಹೇಳದೆ ಇರಲಾರೆ. 2008ರಿಂದ ಅದು ಇಸ್ರೋದ ಭಾಗ. ದೇಶದ ಕೆರೆ, ಕಾಡು, ಬೆಳೆ ಎಲ್ಲದರ ಚಿತ್ರ ಅಲ್ಲಿದೆ. ಈಗಿನ ಚರಿತ್ರೆ, ಭೂಗೋಳ, ಪುರಾತತ್ವದ ಮಕ್ಕಳು ಉಪಗ್ರಹಚಿತ್ರ ಓದಲು ಕಲಿಯುತ್ತಿರುವುದು ಸಂತೋಷದ ವಿಷಯ. 1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಚೆನ್ನಾದ ಕ್ಯಾಮೆರಾಕ್ಕೂ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 36 ಮೀಟರ್ ಚೌಕ. ಬಾಲಾನಗರದ ಗಲ್ಲಿಯಲ್ಲಿ ಅಷ್ಟು ಜಾಗದಲ್ಲಿ ಹಲವು ಶೆಡ್ಡು, ಒಂದು ಚಹಾದಂಗಡಿ, ಒಂದು ಗುಡಿ ಹಿಡಿಸುತ್ತವೆ. ಅದೇ ಗಲ್ಲಿಯೊಳಗಿನ ಗ್ರೈಂಡರ್ ಹತ್ತು ಮೈಕ್ರಾನ್ ಹೆಚ್ಚುಕಡಿಮೆಯಾದರೆ ಜಾಬ್ ಕೆಟ್ಟಿತೆನ್ನುತ್ತಾನೆ. ಚಿತ್ರದಲ್ಲಿ ಊರು ಹೇಗೆ ಹಬ್ಬಿತೆಂದು ಕಾಣುತ್ತದೆ, ಕೆರೆ ಯಾವಾಗ ಕುಗ್ಗಿತೆಂದು ಕಾಣುತ್ತದೆ. ಆ ಚುಕ್ಕೆಯೊಳಗೆ ಯಾರು ಯಾರಿಗೆ ಕೆಲಸ ಕಲಿಸಿದರೆಂಬುದು ಮೈಕ್ರೋಮೀಟರ್ ಹಿಡಿದವನ ಪಕ್ಕ ನಿಂತರೆ ಮಾತ್ರ ತಿಳಿಯುತ್ತದೆ. ಎರಡು ಅಳತೆಯನ್ನೂ ಕೈಯಲ್ಲಿ ಹಿಡಿದ ಸಂಶೋಧಕ ನನಗೆ ಬೇಕು.

ಕಾಲ ಹೆಚ್ಚಿಲ್ಲ. 2017ರಲ್ಲಿ ಮೆಟ್ರೊ ಬಂತು, 2021ರ ಜುಲೈನಲ್ಲಿ ನರ್ಸಾಪುರ ಚೌರಸ್ತಾದ ಮೇಲೆ ಮೇಲ್ಸೇತುವೆ ತೆರೆಯಿತು. ಅದನ್ನು ಕಟ್ಟಿದ ಕೂಲಿ ಹೆಣ್ಣುಮಗಳ ಕೈಯಲ್ಲೇ ಉದ್ಘಾಟನೆ ಮಾಡಿಸಿದರು. ಆ ದಿನ ನನ್ನ ಕಣ್ಣು ತುಂಬಿತು. ನೆಲದ ಬೆಲೆ ಏರಿದ ಹಾಗೆ ಶೆಡ್ಡುಗಳು ಊರಾಚೆಗೆ ಸರಿಯುತ್ತಿವೆ, ಹಳೆಯ ಡ್ರಾಯಿಂಗುಗಳು ರದ್ದಿಗೆ ಹೋಗುತ್ತಿವೆ. ಮಾತಾಡಬಲ್ಲವರಿಗೆ ಎಂಬತ್ತು ದಾಟಿದೆ.

ನನ್ನ ಪಟ್ಟಿಯಲ್ಲಿ ಇನ್ನೂ ಸಿಗಬೇಕಾದವರಿದ್ದಾರೆ. ವಿಮಾನದ ಉಪಕರಣಗಳ ರಷ್ಯನ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ತಂದ ಭಾಷಾಂತರಕಾರರು. ಟ್ರೇಸಿಂಗ್ ಬಟ್ಟೆಯ ಮೇಲೆ ನಕ್ಷೆ ಎತ್ತುತ್ತಿದ್ದ ಹೆಣ್ಣುಮಕ್ಕಳು. ಔಷಧದ ಪ್ಯಾಕಿಂಗಿನಲ್ಲಿ ದುಡಿದವರು. ಜಾಲಹಳ್ಳಿಯಿಂದ ಇಲ್ಲಿಗೆ ಬಂದು ಮತ್ತೆ ಬೆಂಗಳೂರಿಗೆ ಹಿಂತಿರುಗಿದ ಕುಟುಂಬಗಳು. ಇದನ್ನು ಓದುವವರ ಮನೆಯಲ್ಲಿ ಅಂಥವರಿದ್ದರೆ ಅವರನ್ನು ಮಾತಾಡಿಸಿ, ಫೋನಿನಲ್ಲಾದರೂ ಧ್ವನಿ ಹಿಡಿದಿಡಿ. ಅಪ್ರೆಂಟಿಸ್ ಸರ್ಟಿಫಿಕೇಟು, ಜಾಬ್ ಕಾರ್ಡು, ಯೂನಿಯನ್ ರಸೀದಿ, ಕ್ಯಾಂಟೀನ್ ಕೂಪನ್ ಯಾವುದನ್ನೂ ಹಳೆ ಪೇಪರಿನವನಿಗೆ ಹಾಕಬೇಡಿ. ಶಾಪಿನ ಮುಂದೆ ಸಾಲಾಗಿ ನಿಂತು ತೆಗೆಸಿದ ಗುಂಪು ಫೋಟೊ ಸಿಕ್ಕರೆ, ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಎಡದಿಂದ ಬಲಕ್ಕೆ ಹೆಸರುಗಳನ್ನು ಹಿಂಬದಿಯಲ್ಲಿ ಬರೆಯಿರಿ. ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಶಾಯಿಯಾದರೆ ಮುಂಬದಿಗೆ ಇಳಿದು ಮುಖಗಳನ್ನು ಕೆಡಿಸುತ್ತದೆ.